ಗಂಜಿ ನೀರಲ್ಲ ಎಂದವಳು

ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಇಪ್ಪತ್ತು ಜನರೆದುರು ಗಂಡನನ್ನು ಕಳ್ಳ ಎಂದವಳಿಗೆ ಇನ್ನೆಂಥ ಮರ್ಯಾದೆ? ಬಚ್ಚ ಎಂದು ಇವರ ಹೆಸರು. ಮರವಂತೆ ಕಡಲಬದಿಯಲ್ಲಿ ಮೂವತ್ತು ವರ್ಷ ಕೈರಂಪಣಿ ಬಲೆ ಎಳೆದವರು. ಆ ಬಲೆಯ ಎರಡು ಹಗ್ಗಗಳನ್ನು ದಡದಲ್ಲಿ ನಿಂತ ಎರಡು ಗುಂಪು ಒಟ್ಟಿಗೆ ಎಳೆಯಬೇಕು. ಒಂದು ಕಡೆಯವರು ಹಿಂದೆ ಬಿದ್ದರೆ ಮೀನು ಹೋಯಿತು. ಒಟ್ಟಿಗೆ ಎಳೆಸಲು ಕೂಗು ಹಾಕುತ್ತಿದ್ದವರು ಇವರೇ. ನಾನು ಜಲಜ, ಆ ಮೀನನ್ನು ಕುಂದಾಪುರ ಪೇಟೆಯಲ್ಲಿ ಮಾರುವವಳು. ನನ್ನ ಬಾಯಿ ದೊಡ್ಡದು, ಅದನ್ನೂ ಹೇಳಿಬಿಡುತ್ತೇನೆ.

ಕಳೆದ ವರ್ಷ ಇವರ ಹೃದಯ ಸೋತಿತು. ನಾಲ್ಕು ಹೆಜ್ಜೆಗೆ ಏದುಸಿರು, ಕಾಲೆಲ್ಲ ಬಾವು. ಹೃದಯದ ಎಡಭಾಗ ಬಲಭಾಗದ ಜೊತೆ ಬಡಿಯುತ್ತಿಲ್ಲ ಎಂದರು ಡಾಕ್ಟರು. ಪೇಸ್‌ಮೇಕರ್ ಹಾಕಿದರೂ ಎಡಕ್ಕೆ ಹೋಗಬೇಕಾದ ತಂತಿಗೆ ರಕ್ತನಾಳದಲ್ಲಿ ದಾರಿ ಸಿಗಲಿಲ್ಲ. ಕೊನೆಗೆ ತಂತಿಯೇ ಇಲ್ಲದ್ದನ್ನು ಹಾಕಿದರು: ಹೃದಯದೊಳಗೆ ಕುಚ್ಚಲಕ್ಕಿ ಕಾಳಿನಷ್ಟು ಒಂದು ತುಣುಕು, ಪಕ್ಕೆಲುಬಿನ ಹತ್ತಿರ ಚರ್ಮದಡಿ ಒಂದು ಪೆಟ್ಟಿಗೆ. ಪೆಟ್ಟಿಗೆಯಿಂದ ನಮ್ಮ ಕಿವಿಗೆ ಕೇಳದ ಶಬ್ದದ ಅಲೆ ಹೋಗಿ ಆ ಕಾಳಿಗೆ ತಾಗಿದರೆ ಎಡಭಾಗ ಬಡಿಯುತ್ತದಂತೆ.

"ಎಡದ ಹಗ್ಗದವ್ರಿಗೆ ಕೂಗ್ ಹಾಕುಕೆ ಜನ ಇಟ್ರ್ ಕಾಣ್," ಎಂದು ಇವರು ನಕ್ಕರು.

ಮೂರು ತಿಂಗಳು ಚೆನ್ನಾಗಿಯೇ ಇದ್ದರು. ಉಪ್ಪು ಕಡಿಮೆ, ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಬೇಡ ಎಂದು ಡಾಕ್ಟರು ಹೇಳಿದ್ದರು. ನಾನು ಬಿಡುತ್ತೇನೆಯೇ? ಬಾಟಲಿಗೆ ಗೆರೆ ಎಳೆದೆ. ಕೊಡಪಾನವನ್ನು ಕೋಣೆಯೊಳಗಿಟ್ಟು ಬೀಗ ಹಾಕಿದೆ. ಗಂಟಲು ಒಣಗಿ ಇವರು ನನ್ನ ಮುಖ ನೋಡಿದರೆ ಮಾತ್ರ ತಡೆಯಲಾಗುತ್ತಿರಲಿಲ್ಲ. ಆಗ ಬಟ್ಟಲು ತುಂಬ ಗಂಜಿ ಬಡಿಸುತ್ತಿದ್ದೆ, ಅನ್ನಕ್ಕಿಂತ ತಿಳಿಯೇ ಹೆಚ್ಚು.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಲು ಮತ್ತೆ ಬಾತಿತು. ತೂಕ ನಾಲ್ಕು ಕಿಲೋ ಏರಿತು. ಅಲೆ ಕಾಳಿಗೆ ಸರಿಯಾಗಿ ತಾಗುತ್ತಿಲ್ಲವೇನೋ, ಹಾಗಿದ್ದರೆ ಮತ್ತೆ ಕೊಯ್ದು ಪೆಟ್ಟಿಗೆಯ ಜಾಗ ಬದಲಿಸಬೇಕು, ಬಂದು ತೋರಿಸಿ ಎಂದರು ಡಾಕ್ಟರು ಫೋನಿನಲ್ಲಿ. ಮತ್ತೆ ಕೊಯ್ಯುವುದೆಂದಾಗ ನನಗೆ ಸಿಟ್ಟು ನೆತ್ತಿಗೇರಿತು. ಬಲೆ ನೋಡುವ ನೆಪದಲ್ಲಿ ಇವರು ಕಡಲಬದಿಗೆ ಹೋಗಿ ಯಾರದೋ ನೀರು ಕುಡಿಯುತ್ತಾರೆ ಎಂದುಕೊಂಡು ಸೀದಾ ಅಲ್ಲಿಗೇ ಹೋದೆ.

"ಹ್ವಾಯ್, ನೀರ್ ಕಳ್ಳ! ಕದ್ದ್ ಕುಡ್ದ್ ಸಾಯ್ಕ್ ಅಂತ ಇತ್ತಾ ನಿಮ್ಗೆ?"

"ದೇವ್ರಾಣೆ, ಒಂದ್ ಹನಿ ಹೆಚ್ಚ್ ಕುಡಿಲ್ಲೆ ಮಾರಾಯ್ತಿ," ಎಂದರು ಇವರು, ಮೆಲ್ಲಗೆ. ಹಗ್ಗ ಹಿಡಿದಿದ್ದ ಇವರ ಹಳೆಯ ಜೊತೆಗಾರ ಲೀಲಾಧರ ತಲೆ ತಗ್ಗಿಸಿದ. ಅಲ್ಲಿದ್ದವರೆಲ್ಲ ಒಂದು ಕಾಲದಲ್ಲಿ ಇವರ ಕೂಗಿಗೆ ಹೆಜ್ಜೆ ಹಾಕಿದವರು.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರು. ಪೆಟ್ಟಿಗೆಯೂ ಸರಿ, ಕಾಳೂ ಸರಿ. ಹಾಗಾದರೆ ಇಷ್ಟು ನೀರು ಎಲ್ಲಿಂದ? ನರ್ಸ್ ಸೌಜನ್ಯ ನಮ್ಮ ಕಡೆಯ ಹುಡುಗಿ. ನನ್ನನ್ನು ಬದಿಗೆ ಕರೆದಳು.

"ಊಟಕ್ಕೆ ಎಂತ ಕೊಡ್ತ್ರಿ ಜಲಜಕ್ಕ?"

"ಎರಡ್ ಹೊತ್ತ್ ಗಂಜಿ. ಬಾಯಾರ್ರೆ ಮಧ್ಯ ಮತ್ತೊಂದ್ ಬಟ್ಲ್."

"ತಿಳಿನೂ ಅಳ್ದ್ ಕೊಡ್ತ್ರಿಯಾ?"

"ಗಂಜಿ ಎಂತ ನೀರಾ? ಊಟ ಅಲ್ದಾ!" ನಗುತ್ತಲೇ ಹೇಳಿದೆ.

ಸೌಜನ್ಯ ನಗಲಿಲ್ಲ. ಬಟ್ಟಲು ಎಷ್ಟು ದೊಡ್ಡದು ಎಂದು ಕೈಯಲ್ಲಿ ತೋರಿಸಲು ಹೇಳಿದಳು. ತೋರಿಸುತ್ತಿದ್ದಂತೆ ನನ್ನ ಕೈ ಅಲ್ಲಿಯೇ ನಿಂತಿತು. ಅಯ್ಯೋ ದೇವರೇ! ಬೀಗ ಹಾಕಿದ ಕೈಯಿಂದಲೇ ದಿನಕ್ಕೆ ಲೀಟರಿನ ಮೇಲೆ ನಾನೇ ಹೊಯ್ದಿದ್ದೆ.

ಕೊಯ್ಯುವುದು ತಪ್ಪಿತು. ಸೂಜಿಮದ್ದು ಕೊಟ್ಟು ನೀರು ಇಳಿಸಿದರು. ಮೂರನೇ ದಿನ ಮಂಚದ ಪಕ್ಕ ಕುಳಿತು ಕೇಳಿದೆ, "ತಪ್ಪ್ ನಂದೇ. ನಿಮ್ಗೆ ಒಂದ್ಸಲವೂ ಗಂಜಿ ಮೇಲೆ ಅನ್ಮಾನ ಬರ್ಲಿಲ್ಯಾ?"

"ಬಂದಿತ್ತ್."

"ಮತ್ತೆ ಹೇಳುಕೆ ಎಂತ ಆಯ್ತ್?"

ಇವರು ಕಿಟಕಿಯ ಕಡೆ ನೋಡಿದರು. "ದಿನದಾಗೆ ನೀ ಬೈಯದೆ ಕೊಡೂದ್ ಅದೊಂದೇ ಅಲ್ದಾ? ಅದ್ನೂ ನಿಲ್ಸುಕೆ ಮನ್ಸ್ ಬರ್ಲಿಲ್ಲೆ."

ಮನೆಯಿಂದ ತಂದಿದ್ದ ಗೆರೆ ಎಳೆದ ಬಾಟಲಿಯನ್ನು ಮೊದಲ ಬಾರಿಗೆ ಇವರ ಕೈಗೇ ಕೊಟ್ಟೆ. ಗೆರೆಯವರೆಗೆ ಮಾತ್ರ ಕುಡಿದು, ಮುಚ್ಚಳ ತಾವೇ ತಿರುಗಿಸಿ ನನಗೆ ವಾಪಸ್ ಕೊಟ್ಟರು.