ಪಟ್ಟದ ಗೊಂಬೆಯ ಪಕ್ಕದಲ್ಲಿ ಕೆಹಿಂಡೆ

ಮೊರೆನಿಕೆಯನ್ನು ಇಲ್ಲಿಯ ನಮ್ಮವರು ಗಯ್ಯಾಳಿ ಎನ್ನುತ್ತಾರೆ. ಎನ್ನುವವರು ಒಮ್ಮೆ ನನ್ನೆದುರಿಗೆ ಅನ್ನಲಿ.

ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಯ್‌ನಲ್ಲಿ ನನ್ನ ಮೊಮ್ಮಗಳನ್ನು ಬಿಡುತ್ತಿದ್ದ ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಅವಳು ಕೆಲಸಕ್ಕಿದ್ದಳು. ನೈಜೀರಿಯಾದವಳು, ಯೊರುಬಾ ಜನ. ಎತ್ತರದ ಆಳು. ತಡವಾಗಿ ಬಂದ ಅಪ್ಪಂದಿರನ್ನು ಬಾಗಿಲಲ್ಲೇ ನಿಲ್ಲಿಸಿ ಗದರುವಳು. ಚಳಿಯಲ್ಲಿ ಟೋಪಿಯಿಲ್ಲದೆ ಮಗುವನ್ನು ಕರೆತಂದರೆ ತನ್ನ ಟೋಪಿಯನ್ನೇ ತೆಗೆದು ಅದಕ್ಕೆ ಹಾಕಿ, ಆಮೇಲೆ ತಾಯಿಯನ್ನು ಬೈಯುವಳು. ಮಕ್ಕಳು ಮಾತ್ರ ಅವಳ ಸೊಂಟಕ್ಕೆ ಜೋತು ಬಿದ್ದೇ ಇರುತ್ತಿದ್ದವು.

ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಲ್ಲೇ ಕೆಲಸ ಮಾಡುತ್ತಿದ್ದ ದಾವಣಗೆರೆಯ ಫೆಹ್ಮಿದಾ ನಮ್ಮಿಬ್ಬರ ನಡುವೆ ಕೂತು ಅವಳ ಮಾತನ್ನು ನನಗೆ, ನನ್ನ ಮಾತನ್ನು ಅವಳಿಗೆ ದಾಟಿಸುವಳು. ಹಾಗೆ ಕೇಳಿ ಕೇಳಿ ಅವಳ ಬದುಕು ನನಗೆ ತಿಳಿದದ್ದು.

ಊರಲ್ಲಿದ್ದಾಗ ಮೊರೆನಿಕೆಗೆ ಅವಳಿ ಮಕ್ಕಳಾದವು. ಹೆಣ್ಣು ತೈವೊ ಉಳಿದಳು, ಈಗ ಇಲ್ಲೇ ಶಾಲೆಗೆ ಹೋಗುತ್ತಾಳೆ. ಗಂಡು ಕೆಹಿಂಡೆ ಎದೆಹಾಲು ಬಿಡುವ ಮೊದಲೇ ಜ್ವರದಲ್ಲಿ ಹೋದ. ಅವರ ಕಡೆ ಅವಳಿಯಲ್ಲಿ ಒಂದು ಹೋದರೆ ಅದರ ಹೆಸರಿನಲ್ಲಿ ಮರದ ಮೂರ್ತಿ ಕೆತ್ತಿಸುತ್ತಾರಂತೆ. ಇರುವ ಮಗುವಿಗೆ ನೀರೆರೆದಾಗ ಅದಕ್ಕೂ ಎರೆಯಬೇಕು, ಬಟ್ಟೆ ಉಡಿಸಬೇಕು, ತುತ್ತನ್ನು ಬಾಯಿಗೆ ಮುಟ್ಟಿಸಬೇಕು. ಅವಳ ಚರ್ಚಿನ ಪಾದ್ರಿ ಬೇಡವೆಂದು ಬೈದರು. ಗಂಡನಿಗೂ ನಾಚಿಕೆ. ಅವಳು ಬಿಡಲಿಲ್ಲ. ವಿಮಾನದಲ್ಲಿ ಸಾಮಾನಿನ ಜೊತೆ ಹಾಕದೆ ಮಡಿಲಲ್ಲೇ ಇಟ್ಟುಕೊಂಡು ಸ್ವೀಡನ್ನಿಗೆ ತಂದಳು.

ನನಗೊಮ್ಮೆ ತೋರಿಸಿದಳು. ಗೇಣುದ್ದಕ್ಕಿಂತ ತುಸು ಹೆಚ್ಚು. ಎಷ್ಟೋ ಸಲ ತೊಳೆದು ತೊಳೆದು ಮೂಗು, ಬಾಯಿ ಸವೆದಿದ್ದವು, ನಮ್ಮೂರಿನ ಅಮ್ಮನವರ ಕಲ್ಲಿನ ಮುಖದ ಹಾಗೆ. ಯಾವುದೋ ಮರ ಅರೆದ ಕೆಂಪು ಪುಡಿ ಕತ್ತಿನ ಸಂದಿ, ಕಾಲಿನ ಸಂದಿಗಳಲ್ಲಿ ಕೂತುಬಿಟ್ಟಿತ್ತು. ನಾನು ಕೈ ಮುಗಿದೆ. ಅವಳು ನನ್ನ ಭುಜ ಹಿಡಿದುಕೊಂಡಳು.

ಎರಡು ಸಾವಿರದ ಆರನೇ ಇಸವಿಯ ದಸರಾ. ನಮ್ಮ ಕನ್ನಡದವರು ಒಂದು ಹಾಲ್ ಹಿಡಿದು ಗೊಂಬೆ ಹಬ್ಬ ಮಾಡಿದರು. ಗುಂಪಿನ ಯಜಮಾನಿಕೆ ಯೋಗೀಶನದು. ಕಂಪ್ಯೂಟರ್ ಕೆಲಸದವನು, ಮೈಸೂರಿನ ಕಡೆಯವನು, ಮಾತುಗಾರ. ಈ ಸಲ ಗೊಂಬೆಯ ಜೊತೆಗೆ ಆಫ್ರಿಕಾದ ಕಲೆಯನ್ನೂ ಇಡೋಣ, ಸ್ವೀಡನ್ನಿನವರು ಬರುತ್ತಾರೆ, ಒಂದಷ್ಟನ್ನು ಹರಾಜು ಹಾಕಿ ಆಫ್ರಿಕಾದ ಅನಾಥ ಮಕ್ಕಳಿಗೆ ಕಳಿಸೋಣ ಎಂದ. ಒಳ್ಳೆಯದೇ ಅಂದುಕೊಂಡೆವು. ಮುಖವಾಡಗಳು, ಮಣಿಯ ಬುಟ್ಟಿಗಳು ಬಂದವು. ಮೊರೆನಿಕೆಯನ್ನೂ ಕೇಳಿದ, ನೋಡಲು ಇಡುವುದಕ್ಕೆ ಏನಾದರೂ ಕೊಡಿ ಎಂದು.

ಅವಳು ನನ್ನನ್ನು ಕೇಳಿದಳು, ನೀವು ಗೊಂಬೆಗಳಿಗೆ ಏನು ಮಾಡುತ್ತೀರಿ ಅಂತ. ನಾನು ಹೇಳಿದೆ. ಮೇಲಿನ ಮೆಟ್ಟಿಲಲ್ಲಿ ರಕ್ತಚಂದನದ ಪಟ್ಟದ ಗೊಂಬೆ, ಗಂಡ ಹೆಂಡತಿ ಜೋಡಿ, ತಾಯಿಯಿಂದ ಮಕ್ಕಳಿಗೆ ಬಂದದ್ದು. ಅದಕ್ಕೆ ಹೊಸ ಬಟ್ಟೆ, ದೀಪ, ಆರತಿ. ವಿಜಯದಶಮಿಯ ಸಂಜೆ ಮಲಗಿಸಿ, ಆಮೇಲೆ ಎತ್ತಿಡುವುದು.

ಮಲಗಿಸುತ್ತೀರಾ ಎಂದು ಮತ್ತೆ ಕೇಳಿದಳು. ಹೌದೆಂದೆ. ಹಾಗಾದರೆ ಕೆಹಿಂಡೆಯೂ ಬರಲಿ, ಮಲಗಿಸುವುದಕ್ಕೆ ಮಾತ್ರ ನಾನೇ ಬರುತ್ತೇನೆ ಎಂದಳು. ಯೋಗೀಶನ ತಾಯಿಯ ಪಟ್ಟದ ಗೊಂಬೆಗಳ ಪಕ್ಕದಲ್ಲಿ ತನ್ನ ಕೈಯಾರೆ ನಿಲ್ಲಿಸಿ ಹೋದಳು. ಯೋಗೀಶ ಅಲ್ಲೇ ಇದ್ದ, ಆರತಿ ತಟ್ಟೆಯನ್ನು ಸರಿಸಿ ಜಾಗ ಮಾಡಿಕೊಟ್ಟವನೂ ಅವನೇ.

ವಿಜಯದಶಮಿಯ ದಿನ ಹರಾಜು ಮಧ್ಯಾಹ್ನವೇ ಮುಗಿದಿತ್ತು. ಡಾಗಿಸ್ ಮುಚ್ಚಿದ ಮೇಲೆ ಮೊರೆನಿಕೆ, ಫೆಹ್ಮಿದಾ, ನಾನು ಮೂವರೂ ಒಟ್ಟಿಗೆ ಹೋದೆವು. ಮೊರೆನಿಕೆಯ ಕೈಯಲ್ಲಿ ಮಡಿಸಿದ ಬಿಳಿ ಬಟ್ಟೆ. ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿ ಇದ್ದರು. ಪಕ್ಕದ ಜಾಗ ಖಾಲಿ.

ಯೋಗೀಶ ಕಾಫಿ ಹಿಡಿದು ನಗುತ್ತಾ ಬಂದ. ಯಾರೋ ಹಲ್ಲಿನ ಡಾಕ್ಟರು ಬಂದಿದ್ದರಂತೆ, ಇದೇ ನಿಜವಾದ ಹಳೆಯ ಕೆತ್ತನೆ ಎಂದು ಎಲ್ಲಕ್ಕಿಂತ ಹೆಚ್ಚು ಬೆಲೆ ಕೂಗಿ ತೆಗೆದುಕೊಂಡರಂತೆ. ಮೊರೆನಿಕೆಗೆ ಖುಷಿಯಾಗಬೇಕು ಎಂದ. ಅವಳ ಮುಖ ನೋಡಿದ ಮೇಲೆ ನನ್ನ ಕಡೆ ತಿರುಗಿದ.

"ಅಮ್ಮ, ನೀವಾದ್ರೂ ಹೇಳಿ. ದುಡ್ಡು ಹೋಗೋದು ಮಕ್ಕಳಿಗೆ ತಾನೆ? ಆಫ್ರಿಕಾ ಮಕ್ಕಳಿಗೇನೇ."

ಫೆಹ್ಮಿದಾ ಅದನ್ನು ದಾಟಿಸಿದಳು. ಮೊರೆನಿಕೆ, "ನನ್ನ ಮಗನೂ ಆಫ್ರಿಕಾದ ಮಗುವೇ," ಎಂದಳು.

ಆಗ ಅವನಿಗೆ ಇಂಟರ್‌ನೆಟ್ ನೆನಪಾಯಿತು. ಇಂಥದ್ದೇ ಇನ್ನೊಂದು ತರಿಸಿಕೊಡುತ್ತಾನಂತೆ, ಇದಕ್ಕಿಂತ ದೊಡ್ಡದು. ನಾನು ಬೇಗ ಸಿಟ್ಟಾಗುವವಳಲ್ಲ. ಆದರೂ ಮೇಲಿನ ಮೆಟ್ಟಿಲ ಕಡೆ ಕೈ ತೋರಿಸಿ ಕೇಳಿದೆ.

"ಯೋಗೀಶ, ನಿಮ್ಮಮ್ಮನ ಗೊಂಬೆ ಯಾಕಪ್ಪ ಮಾರಲಿಲ್ಲ?"

"ಪಟ್ಟದ ಗೊಂಬೆ ಅಮ್ಮ ಅದು. ಯಾರಾದ್ರೂ ಮಾರ್ತಾರಾ?"

"ಅದರ ಪಕ್ಕ ನಿಲ್ಲಿಸಿದ್ದು ನಿನಗೆ ಏನಂತ ಕಾಣಿಸ್ತು?"

ಮೊರೆನಿಕೆ ನಮ್ಮ ಮಾತು ಮುಗಿಯಲೆಂದು ಕಾಯಲಿಲ್ಲ. ಕೈ ಚಾಚಿ ರಾಜ ರಾಣಿಯನ್ನು ಇಳಿಸಿದಳು, ಬಿಳಿ ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಇದನ್ನೂ ಹರಾಜು ಹಾಕು, ಮಕ್ಕಳಿಗೆ ತಾನೆ, ಎಂದಳು. ತಿಂಡಿಯ ತಟ್ಟೆ ಹಿಡಿದು ನಿಂತಿದ್ದವರಲ್ಲಿ ಯಾರೋ ನಕ್ಕು ಸುಮ್ಮನಾದರು. ಯೋಗೀಶನ ಬಣ್ಣ ಇಳಿದುಹೋಯಿತು. ನಮ್ಮಮ್ಮನದು, ನಮ್ಮಮ್ಮನದು ಎಂದು ಅದನ್ನೇ ಹೇಳಿದ.

"ಗೊತ್ತು," ಎಂದಳು ಅವಳು. "ನಾಳೆ ನನ್ನ ಮಗನನ್ನು ಕರೆದುಕೊಂಡು ಬಾ."

ಹಿಂದಿನಿಂದ ಯಾರೋ ಪೊಲೀಸರನ್ನು ಕರೆಯೋಣ ಎಂದರು.

"ಕರೀರಿ ಸಾರ್," ಎಂದಳು ಫೆಹ್ಮಿದಾ. "ಏನು ಕಳೆದುಹೋಯ್ತು ಅಂತ ಬರೆಸ್ತೀರಿ? ಬರೀ ಗೊಂಬೆ ಅಂತಾನಾ?"

ಮರುದಿನ ಡಾಗಿಸ್ ಬಾಗಿಲಿಗೆ ಯೋಗೀಶ ಬಂದ. ಆ ಡಾಕ್ಟರು ಸಂಗತಿ ಕೇಳಿದವರೇ ಕೊಟ್ಟುಬಿಟ್ಟರಂತೆ, ದುಡ್ಡನ್ನೂ ವಾಪಸು ಕೇಳಲಿಲ್ಲವಂತೆ. ಆದರೆ ಕೊಡುವ ಮೊದಲೇ ಒಂದು ಕೆಲಸ ಆಗಿಹೋಗಿತ್ತು. ಮನೆಗೊಯ್ದ ಸಂಜೆಯೇ ಅವರು ಅದನ್ನು ಚೆನ್ನಾಗಿ ಉಜ್ಜಿ, ಹಳೆಯ ಮರಕ್ಕೆ ಹಚ್ಚುವ ಎಣ್ಣೆ ಹಚ್ಚಿದ್ದರು. ಸಂದಿಯ ಕೆಂಪೆಲ್ಲ ಹೋಗಿತ್ತು. ಕೆಹಿಂಡೆ ಅಂಗಡಿಯ ಸಾಮಾನಿನ ಹಾಗೆ ಮಿರಿಮಿರಿ ಹೊಳೆಯುತ್ತಿದ್ದ.

ಮೊರೆನಿಕೆ ಅದರ ತಲೆಯನ್ನು ಮೂಗಿಗೆ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು.

"ಇವನ ವಾಸನೆ ಇಲ್ಲ," ಎಂದಳು.

ನೋಡಿ, ಹೊಸದರ ಹಾಗಾಗಿದೆ ಎಂದ ಆ ಪುಣ್ಯಾತ್ಮ. ಅವಳು ಒಳಗಿನಿಂದ ಬಿಳಿ ಬಟ್ಟೆಯ ಗಂಟು ತಂದು ಅವನ ಕೈಗಿಟ್ಟಳು. ತೈವೊಳ ಮಂಚದ ಪಕ್ಕ ಹಾಸಿ ಮಲಗಿಸಿದ್ದಳಂತೆ. ಚೆನ್ನಾಗಿ ಮಲಗಿದ್ದವು ಎಂದು ನಿನ್ನ ತಾಯಿಗೆ ಹೇಳು ಎಂದಳು. ಅವನು ಅಷ್ಟಕ್ಕೇ ಹೋಗಬಾರದೆ? ಜೇಬಿನಿಂದ ಕ್ಯಾಮೆರಾ ತೆಗೆದ. ಎಲ್ಲ ಸುಖಾಂತ್ಯವಾಯಿತಲ್ಲ, ಗುಂಪಿನ ವೆಬ್‌ಸೈಟಿಗೆ ಒಂದು ಫೋಟೋ ಬೇಕಂತೆ, ಮೂರ್ತಿ ಹಿಡಿದು ಸ್ವಲ್ಪ ನಗಬೇಕಂತೆ. ತಡವಾಗಿ ಬಂದ ಅಪ್ಪಂದಿರನ್ನು ನಿಲ್ಲಿಸುತ್ತಿದ್ದ ಆ ಬಾಗಿಲನ್ನು ಅವಳು ಅವನ ಮುಖಕ್ಕೇ ಹಾಕಿದಳು.

ನಾನು ಚೀಲದಿಂದ ಕುಂಕುಮದ ಭರಣಿ ತೆಗೆದೆ. ಅವಳು ತಲೆ ಅಲ್ಲಾಡಿಸಿದಳು. ಇದು ನಿಮ್ಮದು ಮಮ್ಮಾ, ಅವನ ಕೆಂಪು ಬೇರೆ, ಅದು ಊರಿನಿಂದಲೇ ಬರಬೇಕು ಎಂದಳಂತೆ, ಫೆಹ್ಮಿದಾ ಹೇಳಿದಳು. ಊರಿಗೆ ಹೋಗುವವರು ಯಾರೂ ಸದ್ಯಕ್ಕೆ ಇರಲಿಲ್ಲ.

ಒಳಗೆ ಯಾವುದೋ ಮಗು ಬೂಟು ಬಿಚ್ಚಿ ಎಸೆದು ಕೂಗುತ್ತಿತ್ತು. ಮೊರೆನಿಕೆ ಕೆಹಿಂಡೆಯನ್ನು ಏಪ್ರನ್ನಿನ ಜೇಬಿಗಿಳಿಸಿ, ಮಗುವನ್ನು ಗದರುತ್ತಾ ಆ ಕಡೆ ನಡೆದಳು. ಅವನ ತಲೆ ಜೇಬಿನಿಂದ ಹೊರಗೆ ಕಾಣುತ್ತಿತ್ತು, ಹೊಳೆಯುತ್ತಿತ್ತು. ಆ ಹೊಳಪು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.