ಮಳೆ ತಖ್ತೆಯ ಖಾಲಿ ಮನೆಗಳು

ಗುಂಡ್ಲುಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನನಾಗಿದ್ದ ಶಾಂತಮಲ್ಲಪ್ಪನಿಗೆ ಮಳೆ ಅಳೆಯುವ ಕೆಲಸ ಸಿಕ್ಕಿದ್ದು ಅವನಿಗೆ ಓದು ಬರುತ್ತಿತ್ತು ಎಂದಲ್ಲ, ಸುಳ್ಳು ಬರುತ್ತಿರಲಿಲ್ಲ ಎಂದು. ಹಿತ್ತಲಲ್ಲಿ ನೆಟ್ಟಿದ್ದ ಮಳೆಮಾಪಕದ ನೀರನ್ನು ದಿನಾ ಬೆಳಿಗ್ಗೆ ಎಂಟಕ್ಕೆ ಗೆರೆ ಹಾಕಿದ ಗಾಜಿನ ಲೋಟಕ್ಕೆ ಬಗ್ಗಿಸಬೇಕು, ಎಷ್ಟೆಂದು ನೋಡಿ ತಿಂಗಳ ತಖ್ತೆಯಲ್ಲಿ ಆ ತಾರೀಖಿನ ಮನೆಯೊಳಗೆ ಬರೆಯಬೇಕು. ತಿಂಗಳು ಮುಗಿದ ಮೇಲೆ ಮೊತ್ತ ಹಾಕಿ ಚಾಮರಾಜನಗರದ ಮೇಲಿನ ಕಚೇರಿಗೆ ಕಳಿಸಬೇಕು. ಇದರಿಂದ ಅವನಿಗೆ ಮರ್ಯಾದೆ ಬಂತು. ಈರುಳ್ಳಿ ಮಂಡಿಯಲ್ಲಿ ಮಳೆಯ ಮೇಲೆ ಜಗಳವಾದರೆ ಶಾಂತಮಲ್ಲಪ್ಪನನ್ನು ಕೇಳುತ್ತಿದ್ದರು, ಅವನು ಹೇಳಿದ ಮೇಲೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ಮಳೆ ಬಾರದ ದಿನದ ಮನೆಯನ್ನು ಮಾತ್ರ ಅವನು ಖಾಲಿ ಬಿಡುತ್ತಿದ್ದ. ಅವನು ಹುಟ್ಟಿದ ಮನೆಯಲ್ಲಿ ಅಕ್ಕಿ ತೀರಿದರೆ ತೀರಿತು ಅನ್ನುವುದು ಅಪಶಕುನ, ಹೆಚ್ಚಿದೆ ಅನ್ನಬೇಕಿತ್ತು. ಬಳೆ ಒಡೆದರೂ ಅಷ್ಟೆ. ಹಾಗೆ ಬೆಳೆದವನು ಮಳೆಯ ಎದುರಿಗೆ ಕೈಯಾರೆ ಸೊನ್ನೆ ಸುತ್ತುವುದುಂಟೆ? ಐದು ವರ್ಷ ಯಾರೂ ಕೇಳಲಿಲ್ಲ.

ಐವತ್ತನಾಲ್ಕರ ಅಕ್ಟೋಬರ್ ತಖ್ತೆ ವಾಪಸು ಬಂತು. ಕೆಂಪು ಶಾಯಿಯಲ್ಲಿ ಷರಾ ಬರೆದಿತ್ತು: "ಏನನ್ನೂ ನಮೂದಿಸದ ಮನೆಗಳನ್ನು ಸೇರಿಸಿ ಮೊತ್ತ ಹಾಕಿದೆ. ಒಪ್ಪಲಾಗದು."

ಮೊತ್ತ ತಪ್ಪು ಅಂದಿದ್ದಾರೆ ಎಂದುಕೊಂಡ ಶಾಂತಮಲ್ಲಪ್ಪ. ಮೂರು ಸಲ ಕೂಡಿದ, ಮೂರು ಸಲವೂ ಅದೇ ಬಂತು. ಅಕ್ಷರ ದುಂಡಗೆ ಮಾಡಿ ಮತ್ತೆ ಕಳಿಸಿದ. ಅದೇ ಷರಾ ಬಂತು. ಇನ್ನೊಮ್ಮೆ ಕಳಿಸಿದ, ಇನ್ನೊಮ್ಮೆಯೂ ಅದೇ.

"ಏನ್ಲಾ ಶಾಂತಮಲ್ಲ, ಮಳೇನೂ ತಪ್ಪು ಅಳ್ದ್‌ಬುಟ್ಯಂತೆ?" ಎಂದ ಜೊತೆಯ ಜವಾನ ಮೂಗಯ್ಯ, ಹತ್ತು ಜನರೆದುರಿಗೆ. ಶಾಂತಮಲ್ಲಪ್ಪನಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮನೆಗೆ ಬಂದು ಹೆಂಡತಿ ಗುರುಮಲ್ಲಮ್ಮನ ಮೇಲೆ ರೇಗಾಡಿದ.

"ನನ್ ಮ್ಯಾಲೆ ಸಿಡುಕುದ್ರೆ ನಗರದೋರ್ಗೆ ಕೇಳ್ಸಾದಾ? ಓಗಿ ಅವರ್ನೇ ಕೇಳಿ," ಎಂದಳು ಅವಳು.

ಮಾರನೆಯ ದಿನವೇ ಮಡಿ ಪಂಚೆ ಉಟ್ಟು ಚಾಮರಾಜನಗರದ ಬಸ್ಸು ಹತ್ತಿದ. ಷರಾ ಬರೆದಿದ್ದವನು ಆ ವರ್ಷ ಹೊಸದಾಗಿ ಬಂದಿದ್ದ ಗುಮಾಸ್ತ ಸಿದ್ದಮಲ್ಲಪ್ಪ, ಇನ್ನೂ ಚಿಕ್ಕ ವಯಸ್ಸು. ಶಾಂತಮಲ್ಲಪ್ಪ ತಖ್ತೆಯನ್ನು ಮೇಜಿನ ಮೇಲೆ ಬಡಿದಿಟ್ಟ.

"ಮೊತ್ತ ಎಲ್ಲಿ ತಪ್ಪು ಅದೆ, ತೋರ್ಸಿ ಸ್ವಾಮಿ."

"ತಪ್ಪು ಅಂತ ನಾನೆಲ್ಲಿ ಬರ್ದಿದ್ದೀನಿ? ಕೂತ್ಕೊಳಿ," ಎಂದ ಸಿದ್ದಮಲ್ಲಪ್ಪ ಮೆಲ್ಲಗೆ. "ಇಲ್ಲಿ ಹನ್ನೊಂದು ಮನೇಲಿ ಏನೂ ಬರ್ದಿಲ್ಲ. ಬರೀದೇ ಇರೋದನ್ನ ಕೂಡ್ಸಿದ್ದೆಂಗೆ?"

"ಆವತ್ತು ಮಳೆ ಬಂದಿಲ್ಲ ಅಂತ ಅರ್ಥ."

"ಮಳೆ ಬಂದಿಲ್ಲ ಅಂತಲೋ, ನೀವು ನೋಡಿಲ್ಲ ಅಂತಲೋ? ನನಗೆಂಗೆ ಗೊತ್ತಾಗ್ಬೇಕು?"

ಶಾಂತಮಲ್ಲಪ್ಪ ಎದುರಿನ ಕುರ್ಚಿಯಲ್ಲಿ ಕೂತು ತಖ್ತೆಯನ್ನು ತನ್ನ ಕಡೆಗೆ ಎಳೆದುಕೊಂಡ. ಆ ತಿಂಗಳು ಅವನು ಭೀಮನಬೀಡಿಗೆ ಹೋಗಿದ್ದ. ಸಾವೂ ಅಲ್ಲ, ಕಾಯಿಲೆಯೂ ಅಲ್ಲ; ಭಾವಮೈದ ಹೊಸ ಎತ್ತು ತಂದಿದ್ದನೆಂದು ನೋಡಲು ಹೋದವನು ಎರಡು ದಿನ ಉಂಡು ಮಲಗಿ ಬಂದಿದ್ದ. ಬಂದವನು ಮಾಪಕದಲ್ಲಿದ್ದ ನೀರನ್ನು ಚೆಲ್ಲಿ, ಆ ಎರಡು ಮನೆಗಳನ್ನೂ ಉಳಿದವುಗಳ ಹಾಗೆಯೇ ಖಾಲಿ ಬಿಟ್ಟಿದ್ದ. ಸೊನ್ನೆ ಬರೆಯಬಾರದು ಅನ್ನುವುದು ಶಾಸ್ತ್ರವೇನೋ ಹೌದು. ಆದರೆ ಆ ಶಾಸ್ತ್ರದ ಮರೆಯಲ್ಲಿ ತಾನು ಎಷ್ಟು ಸಲ ಹೀಗೆ ಬಚ್ಚಿಟ್ಟುಕೊಂಡಿದ್ದೇನೆ ಎಂದು ಅವನಿಗೆ ಆಗ ಹೊಳೆಯಿತು. ಸುಳ್ಳು ಬರೆಯದೆಯೇ ಸುಳ್ಳು ಹೇಳುವುದನ್ನು ಅವನು ಚೆನ್ನಾಗಿ ಕಲಿತಿದ್ದ.

ಸಿದ್ದಮಲ್ಲಪ್ಪ ಪೆನ್ನು ಕೊಟ್ಟ. ಒಂಬತ್ತು ಮನೆಗಳಿಗೆ ಸೊನ್ನೆ ಬಿತ್ತು. ಇನ್ನೆರಡು ಉಳಿದವು. ಅವಕ್ಕೂ ಸುತ್ತಿಬಿಟ್ಟರೆ ಕೇಳುವವರು ಯಾರಿದ್ದರು? ಕೊನೆಗೆ ಎರಡರಲ್ಲೂ "ನೋಡಲಿಲ್ಲ" ಎಂದು ಬರೆದ, ಮೊತ್ತ ಹೊಡೆದುಹಾಕಿ ರುಜು ಮಾಡಿದ. ಮೂಗಯ್ಯ ಇದನ್ನು ಊರೆಲ್ಲ ಹೇಳಿಕೊಂಡು ಬರುತ್ತಾನೆ ಎಂದು ಗೊತ್ತಿದ್ದೇ ಮಾಡಿದ.

ಏಳುವ ಮುಂಚೆ ಕೇಳಿದ, "ಹಿಂದಿನ ಐದು ವರ್ಸದ್ದು ವಾಪಸ್ ಕೊಡಿ ಸ್ವಾಮಿ. ಅವನ್ನೂ ಸರಿ ಮಾಡ್ಬುಡ್ತೀನಿ."

"ಅವೆಲ್ಲ ಮೈಸೂರಿಗೆ ಹೋಗಿ ಅಚ್ಚಾಗಿವೆ."

"ಖಾಲಿ ಇದ್ದ ಕಡೆ?"

"ನನಗಿಂತ ಮುಂಚೆ ಇಲ್ಲಿದ್ದ ಗುಮಾಸ್ತ್ರು ತಾವೇ ಸೊನ್ನೆ ಹಾಕಿ ಕಳಿಸ್ಬುಟ್ಟವ್ರೆ," ಎಂದ ಸಿದ್ದಮಲ್ಲಪ್ಪ, ಸಮಾಧಾನ ಹೇಳುವವನಂತೆ. "ಗುಂಡ್ಲುಪೇಟೆ ಶಾಂತಮಲ್ಲಪ್ಪ ಒಂದು ದಿನಾನೂ ತಪ್ಪಿಸೋನಲ್ಲ, ಅವನ್ನ ಏನು ಕೇಳೋದು, ಅಂತಿದ್ರಂತೆ."