ವಿಶ್ವನಾಥ್ ಮತ್ತು ಅವರ ಹೆಂಡತಿ

ದಾವಣಗೆರೆಯ ಸೌಮ್ಯಾ ಮದುವೆಯಾಗಿ ಎಲೆಕ್ಟ್ರಾನಿಕ್ ಸಿಟಿ ಹತ್ತಿರದ ಬಾಡಿಗೆ ಫ್ಲಾಟಿಗೆ ಬಂದದ್ದು ೧೯೯೭ರಲ್ಲಿ. ಗಂಡ ವಿಶ್ವನಾಥ್ ಬೊಮ್ಮಸಂದ್ರದ ಔಷಧ ಕಾರ್ಖಾನೆಯಲ್ಲಿ ಎಂಜಿನಿಯರು. ಅವಳು ಸಣ್ಣದೊಂದು ಕಂಪನಿಯಲ್ಲಿ ಪ್ರೋಗ್ರಾಮರ್. ಮನೆಯಲ್ಲಿ ಒಂದು ಕಂಪ್ಯೂಟರು, ಗಂಡನ ಹೆಸರಿನ ಒಂದು ಇಂಟರ್ನೆಟ್ ಖಾತೆ. ಇಬ್ಬರ ಇ-ಮೇಲೂ ಅದರಿಂದಲೇ.

ಫ್ರೀ ಸಾಫ್ಟ್‌ವೇರಿನವರ ಗುಂಪೊಂದು ಆಗ ಪ್ರಿಂಟರ್ ನಡೆಸುವ ಪ್ರೋಗ್ರಾಮು ಕಟ್ಟುತ್ತಿತ್ತು. ಯಾವ ದೇಶದವರಾದರೂ ಅದನ್ನು ಬಳಸಬಹುದು, ತಪ್ಪಿದ್ದರೆ ತಿದ್ದಿ ಕಳಿಸಬಹುದು. ಸಂಬಳವಿಲ್ಲ; ದುಡಿದವರ ಹೆಸರನ್ನು ಪ್ರೋಗ್ರಾಮಿನ ಜೊತೆ ಹಾಕುತ್ತಿದ್ದರು, ಅಷ್ಟೆ. ಇಲ್ಲಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳಲ್ಲಿ ಅದು ಪ್ರತಿ ಪುಟದ ಕೊನೆಯ ಸಾಲನ್ನು ನುಂಗಿಬಿಡುತ್ತಿತ್ತು. ಸೌಮ್ಯಾ ಮಳೆಗಾಲದ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದು, ಸರಿಮಾಡಿ, ಕೆಳಗೆ ತನ್ನ ಹೆಸರು ಬರೆದು ಕಳಿಸಿದಳು.

ಹೊಸ ಆವೃತ್ತಿ ಬಂತು. ಅದರಲ್ಲಿ ‘ವಿಶ್ವನಾಥ್, ಬೆಂಗಳೂರು’ ಎಂದಿತ್ತು.

ಗುಂಪಿನ ಮುಖ್ಯಸ್ಥನಿಗೆ ಬರೆದರೆ, “ಯಾವ ಖಾತೆಯಿಂದ ಬಂತೋ ಆ ಹೆಸರು ಹಾಕಿದ್ದೇವೆ. ಅವರೇ ಬರೆದು ತಿಳಿಸಿದರೆ ಬದಲಿಸುತ್ತೇವೆ” ಎಂಬ ಉತ್ತರ.

“ರೀ, ಎರಡು ಸಾಲು ಬರೀರಿ, ಕೆಲಸ ಮಾಡಿದ್ದು ನಾನು ಅಂತ.”

“ಬರೀತೀನಿ ಬಿಡು. ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಂತಿ? ಮನೆ ಒಂದೇ ಅಲ್ವಾ?”

“ಮನೆ ಒಂದೇ. ತಲೆ ಎರಡು ಅದಾವ್ರೀ.”

ವಿಶ್ವನಾಥ್ ಕೆಟ್ಟವನಲ್ಲ. ಆದರೆ ಒಂದು ವಾರ ಕಾರ್ಖಾನೆಯಲ್ಲಿ ತಪಾಸಣೆ, ಇನ್ನೊಂದು ವಾರ ಫೋನ್ ಸತ್ತು ಇಂಟರ್ನೆಟ್ಟೇ ಇರಲಿಲ್ಲ. ಅಷ್ಟರಲ್ಲಿ ಕಂಪ್ಯೂಟರ್ ಪತ್ರಿಕೆಯೊಂದು ಆ ಪ್ರೋಗ್ರಾಮನ್ನು ಸಿ.ಡಿ.ಯಲ್ಲಿ ಹಂಚಿತು. ಕಾರ್ಖಾನೆಯವರು ಹೆಸರು ನೋಡಿ ಬೆನ್ನು ತಟ್ಟಿದರಂತೆ. ಅವನು ಅದನ್ನು ತಮಾಷೆಯೆಂಬಂತೆ ಮನೆಯಲ್ಲಿ ಹೇಳಿದ. ಸೌಮ್ಯಾ ಹಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು ಈಚೆ ಬಂದಳು.

“ನಾನಲ್ಲ ಅನ್ನೋಕೆ ಬಾಯಿ ಬರ್ಲಿಲ್ವಾ?”

“ಎಲ್ಲರ ಮುಂದೆ ಏನಂತ ಹೇಳ್ಲಿ?” ಎಂದ ಅವನು, ಆ ಕ್ಷಣವೇ ಕೂತು ಬರೆದ.

ಮುಂದಿನ ಆವೃತ್ತಿಯಲ್ಲಿ ಸಾಲು ಬದಲಾಗಿತ್ತು: ‘ವಿಶ್ವನಾಥ್ ಮತ್ತು ಅವರ ಹೆಂಡತಿ’.

“ಏನಂತ ಬರೆದಿದ್ರಿ?”

“ನನ್ನ ಹೆಂಡ್ತೀನೂ ಜೊತೆಗೆ ಕೆಲಸ ಮಾಡಿದ್ಲು ಅಂತ.”

“ಜೊತೆಗಾ? ನೀವು ಮಾಡಿದ್ದೇನು, ಪ್ರಿಂಟರಿಗೆ ಕಾಗದ ಹಾಕಿದ್ದು! ನನ್ನ ಹೆಸರಾದ್ರೂ ಬರೆದ್ರಾ?”

ಅವನು ಕಳಿಸಿದ್ದನ್ನು ತೆರೆದು ಓದಿದ. ಹೆಸರಿರಲಿಲ್ಲ. ಮುಖ ಸಣ್ಣದಾಯಿತು. “ತಪ್ಪಾತು ಸೌಮ್ಯಾ,” ಎಂದು ಈ ಸಲ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದರಲ್ಲಿ ತನ್ನದೇನೂ ಇಲ್ಲವೆಂದು ಬಿಡಿಸಿ ಬರೆದ. ಮುಂದಿನ ಆವೃತ್ತಿಯಲ್ಲಿ ಸರಿಪಡಿಸುತ್ತೇವೆಂದು ಉತ್ತರ ಬಂತು. ಆದರೆ ಮುಖ್ಯಸ್ಥ ಬೇರೆ ಕೆಲಸ ಹಿಡಿದ; ಗುಂಪು ಚದುರಿತು; ಮುಂದಿನ ಆವೃತ್ತಿ ಬರಲೇ ಇಲ್ಲ.

ಸೌಮ್ಯಾ ತನ್ನದೇ ಖಾತೆ ಮಾಡಿಸಿಕೊಂಡು ಬೇರೊಂದು ಗುಂಪಿಗೆ ಸೇರಿದಳು. ಅಲ್ಲಿ ಅವಳ ಹೆಸರು ಮೊದಲ ಸಲಕ್ಕೇ ಸರಿಯಾಗಿ ಬಂತು. ಅದರಿಂದ ಹಳೆಯ ಸಿಟ್ಟೇನೂ ಇಳಿಯಲಿಲ್ಲ. ಆ ಸಿ.ಡಿ. ಕಂಡ ಯಾರಾದರೂ ಆಫೀಸಿನಲ್ಲಿ, “ನಿಮ್ಮ ಯಜಮಾನ್ರು ಭಾರಿ ಬುದ್ಧಿವಂತ್ರು ಕಣ್ರೀ” ಎನ್ನುತ್ತಿದ್ದರು.

“ಅದು ನಾನು ಮಾಡಿದ್ದು” ಎಂದು ಅವಳು ಪ್ರತಿ ಸಲವೂ ಹೇಳುತ್ತಿದ್ದಳು. ತಮಾಷೆಗೆ ಹೇಳುತ್ತಿದ್ದಾಳೆಂದುಕೊಂಡು ಹೆಚ್ಚಿನವರು ನಗುತ್ತಿದ್ದರು.